ಹೆಚ್ಚುವರಿ ಟ್ಯಾಂಕಿನ ಉಸಿರು

ಅಡುಗೆಯೆಣ್ಣೆಯ ದೊಡ್ಡ ಡಬ್ಬವನ್ನು ಒಡೆಯುವಾಗ ತಿಳಿದವರು ಅದರ ನೆತ್ತಿಯಲ್ಲಿ ಎರಡು ತೂತು ಮಾಡುತ್ತಾರೆ. ಒಂದು ಎಣ್ಣೆ ಹೊರಗೆ ಬರುವುದಕ್ಕೆ. ಎದುರು ಮೂಲೆಯ ಇನ್ನೊಂದು ಗಾಳಿ ಒಳಗೆ ಹೋಗುವುದಕ್ಕೆ. ಆತುರದವರು ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ತಡೆತಡೆದು, ಒಮ್ಮೆ ಧುಮುಕಿ ಒಮ್ಮೆ ನಿಂತು, ಪಾತ್ರೆಗಿಂತ ಹೆಚ್ಚಾಗಿ ನೆಲಕ್ಕೇ ಸಲ್ಲುತ್ತದೆ. ಗಾಳಿಯು ತನ್ನ ಜಾಗವನ್ನು ತುಂಬಲು ಬಾರದ ಹೊರತು ಎಣ್ಣೆಯು ಜಾಗ ಬಿಡಲೊಲ್ಲದು.

ಇಂದು ನಾನು ಹೇಳಹೊರಟಿರುವುದು ದೂರಪ್ರಯಾಣದ ಮೋಟಾರ್ ಸೈಕಲ್ಲಿಗೆ ಅಳವಡಿಸಿಕೊಳ್ಳುವ ಹೆಚ್ಚುವರಿ ಪೆಟ್ರೋಲ್ ಟ್ಯಾಂಕಿನ ವಿಚಾರ; ಅದು ಕೈಕೊಟ್ಟಾಗ ದೋಷವನ್ನು ಎಲ್ಲಿ ಹುಡುಕಬೇಕೆಂಬ ವಿಚಾರ. ಆ ಹುಡುಕಾಟದ ಮುಕ್ಕಾಲು ಪಾಲು ಈ ಎರಡನೆಯ ತೂತಿನ ಬಳಿಯೇ ಮುಗಿಯುತ್ತದೆಂದು ನನ್ನ ಎಣಿಕೆ. ಹಳಗನ್ನಡ ಪಾಠ ಹೇಳಿಕೊಂಡಿದ್ದವನಿಗೆ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಪಾಠ ಹೇಳುವುದಕ್ಕೆ ನಾನು ಕಾಲೇಜಿಗೆ ಹೋಗಿ ಬರುತ್ತಿದ್ದುದು ಬುಲೆಟ್ಟಿನ ಮೇಲೆ. ಅದು ದಾರಿಯಲ್ಲಿ ನಿಂತಾಗ ಕೇಶಿರಾಜನ ಸೂತ್ರಗಳು ನೆರವಿಗೆ ಬರಲಿಲ್ಲ. ಇಷ್ಟು ಪೀಠಿಕೆ ಸಾಕು.

ಸಾಮಾನ್ಯ ಮೋಟಾರ್ ಸೈಕಲ್ಲಿನ ಟ್ಯಾಂಕು 13–14 ಲೀಟರ್ ಹಿಡಿಯುತ್ತದೆ. ಊರಿಂದೂರಿಗೆ ಓಡಾಡುವವರಿಗೆ ಇದು ಧಾರಾಳ. ಸಾಲದೆ ಬರುವುದು ಮೂರು ಬಗೆಯ ಜನಕ್ಕೆ. ಮೊದಲನೆಯವರು ಮರುಭೂಮಿಯ ಓಟಗಾರರು. 1978ರ ಡಿಸೆಂಬರ್ 26ರಂದು ಪ್ಯಾರಿಸ್ಸಿನಿಂದ ಮೊದಲನೆಯ ಪ್ಯಾರಿಸ್–ಡಕಾರ್ ಓಟ ಹೊರಟು ಸಹಾರಾವನ್ನು ಹಾಯ್ದ ಮೇಲೆ, ತಯಾರಕರಿಗೂ ದೊಡ್ಡ ಟ್ಯಾಂಕಿನ ಮೇಲೆ ಮನಸ್ಸು ಬಂತು. 1983ರ ಯಮಾಹಾ ಮಾದರಿಯೊಂದು ನೈಜರ್ ದೇಶದ ಟೆನೆರೆ ಎಂಬ ಮರಳುಗಾಡಿನ ಹೆಸರನ್ನೇ ಹೊತ್ತು, 30 ಲೀಟರಿನ ಟ್ಯಾಂಕಿನೊಡನೆ ಬಂದಿತು. ಎರಡನೆಯವರು ಅಮೆರಿಕದ ದೂರಗಾಮಿಗಳು. ಅಲ್ಲಿ 'ಐರನ್ ಬಟ್' ಎಂಬ ಓಟವೊಂದುಂಟು. ಹೆಸರನ್ನು ಅಕ್ಷರಶಃ ಕನ್ನಡಿಸಲು ಬಾನುಲಿಯು ತಕ್ಕ ಸ್ಥಳವಲ್ಲವಾದ್ದರಿಂದ 'ಉಕ್ಕಿನ ಆಸನ' ಎಂದಿಟ್ಟುಕೊಳ್ಳೋಣ. 1984ರಲ್ಲಿ ಮೊದಲಾದ ಈ ಓಟದಲ್ಲಿ 11 ದಿನಗಳೊಳಗೆ ಸುಮಾರು 11,000 ಮೈಲಿ ಸಾಗುವವರಿದ್ದಾರೆ. ಅವರಿಗೆ ಬರವಿರುವುದು ಬಂಕುಗಳಿಗಲ್ಲ, ಹೊತ್ತಿಗೆ. ಒಂದೊಂದು ಸಲ ನಿಲ್ಲಿಸಿದಾಗಲೂ ಹತ್ತು ಹದಿನೈದು ನಿಮಿಷ ಕಳೆಯುತ್ತದೆಂಬ ಸಂಕಟಕ್ಕೆ ಅವರು ಬೆನ್ನ ಹಿಂದೆ ಇನ್ನೊಂದು ಟ್ಯಾಂಕು ಕೂರಿಸುತ್ತಾರೆ. ಅತಿಯಾಗದಿರಲೆಂದು ಎರಡೂ ಸೇರಿ ಹನ್ನೊಂದೂವರೆ ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 43 ಲೀಟರ್, ಮೀರಬಾರದೆಂಬ ಕಟ್ಟುಪಾಡೂ ಉಂಟು.

ಮೂರನೆಯವರು ನಮ್ಮವರೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ವರ್ಷವರ್ಷವೂ ಲಡಾಖಿಗೆ ಹೋಗುವ ತರುಣರು, ಒಮ್ಮೊಮ್ಮೆ ತರುಣರಲ್ಲದವರೂ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿ ಎಂಬ ಸ್ಥಳವಿದೆ. ಮುಂದಿನ ಬಂಕು 365 ಕಿಲೋಮೀಟರ್ ಆಚೆ ಎಂದು ಸಾರುವ ಫಲಕವೊಂದು ಅಲ್ಲಿಯ ಬಂಕಿನೆದುರು ಬಹುಕಾಲ ನಿಂತಿತ್ತು. ಅಮೆರಿಕದವನಿಗೆ ಹೆಚ್ಚುವರಿ ಟ್ಯಾಂಕು ಹೊತ್ತಿನ ಹಸಿವಾದರೆ, ಈ ದಾರಿಯಲ್ಲಿ ಅದು ದೂರದ ಭಯ. ಕೈಕೊಟ್ಟರೆ ಅವನು ಪಂದ್ಯದಲ್ಲಿ ಹಿಂದೆ ಬೀಳುತ್ತಾನೆ. ಇವನು ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿ ರಾತ್ರಿ ಕಳೆಯಬೇಕಾಗುತ್ತದೆ.

ದೋಷ ಹುಡುಕುವ ಮೊದಲು ಪೆಟ್ರೋಲು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆಂಬುದನ್ನು ತಿಳಿದಿರಬೇಕು. ಇದಕ್ಕೆ ಮೂರು ದಾರಿ. ಹೆಚ್ಚುವರಿ ಟ್ಯಾಂಕು ಎತ್ತರದಲ್ಲಿದ್ದರೆ ತನ್ನ ಭಾರದಿಂದಲೇ ಕೆಳಗಿಳಿದು ಬರುತ್ತದೆ. ಹೋಂಡಾದವರ ಗೋಲ್ಡ್ ವಿಂಗ್ ಎಂಬ ಭಾರಿ ಗಾಡಿಯಲ್ಲಿ 1975ರ ಮೊದಲ ಮಾದರಿಯಿಂದಲೂ ಮುಖ್ಯ ಟ್ಯಾಂಕು ಇರುವುದು ಆಸನದ ಕೆಳಗೆ. ಹಾಗಾಗಿ ಹಿಂದೆ ಕೂರಿಸಿದ ಟ್ಯಾಂಕು ಸಹಜವಾಗಿಯೇ ಮೇಲಾಗುತ್ತದೆ. ಎರಡನೆಯದು, ಪುಟ್ಟ ವಿದ್ಯುತ್ ಪಂಪೊಂದನ್ನಿಟ್ಟು ಸ್ವಿಚ್ಚು ಒತ್ತಿ ಸಾಗಿಸುವುದು. ಮೂರನೆಯದು ಸ್ವಲ್ಪ ಜಾಣತನದ್ದು: ಮುಖ್ಯ ಟ್ಯಾಂಕಿಗೆ ಬೇರೆ ಕಡೆಯಿಂದ ಗಾಳಿಯೇ ಬಾರದಂತೆ ಮುಚ್ಚಿ, ಅದರ ಉಸಿರುಕೊಳವೆಯನ್ನು ಹೆಚ್ಚುವರಿ ಟ್ಯಾಂಕಿನ ತಳಕ್ಕೆ ಜೋಡಿಸುತ್ತಾರೆ. ಎಂಜಿನ್ ಪೆಟ್ರೋಲು ಕುಡಿದಂತೆಲ್ಲ ಮುಖ್ಯ ಟ್ಯಾಂಕಿನಲ್ಲಿ ತೆರಪು ಉಂಟಾಗಿ, ಅದು ಗಾಳಿಗೆ ಬದಲಾಗಿ ಪೆಟ್ರೋಲನ್ನೇ ಉಸಿರಾಡುತ್ತದೆ. ಹೆಚ್ಚುವರಿ ಟ್ಯಾಂಕು ತುಸು ಕೆಳಗಿದ್ದರೂ ಇದು ನಡೆಯುತ್ತದೆ.

ಈಗ ಗಾಳಿಯ ಮಾತು. ಟ್ಯಾಂಕಿನಿಂದ ಎಂಜಿನ್ನಿಗೆ ಇಳಿಯುವ ಒಂದಡಿ ಎತ್ತರದ ಪೆಟ್ರೋಲಿನ ಕಂಬ ಎಷ್ಟು ಒತ್ತುತ್ತದೆ? ನಮ್ಮನ್ನು ಸುತ್ತಿರುವ ವಾಯುವಿನ ಒತ್ತಡದ ನೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಎಂದರೆ, ಮುಚ್ಚಿದ ಟ್ಯಾಂಕಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೇವಲ ನೂರಕ್ಕೆ ಎರಡರಷ್ಟು ಇಳಿದರೆ ಸಾಕು, ಹರಿವು ನಿಂತುಬಿಡುತ್ತದೆ. ತುಂಬಿದ ಟ್ಯಾಂಕಿನ ನೆತ್ತಿಯಲ್ಲಿ ಅರ್ಧ ಲೀಟರಿನಷ್ಟು ಗಾಳಿ ಇದೆಯೆನ್ನಿ. ಕೆಲವು ಚಮಚ ಪೆಟ್ರೋಲು ಹೊರಬರುವುದರೊಳಗೆ ಅಷ್ಟು ಇಳಿಕೆ ಆಗಿಹೋಗುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಗಾಳಿಯ ಜಾಗ ಹೆಚ್ಚಾದ್ದರಿಂದ ಕೆಲವು ನೂರು ಮಿಲಿಲೀಟರ್ ಬಂದು ಆಮೇಲೆ ನಿಲ್ಲಬಹುದು. ಒಂದೇ ರೋಗ ಒಂದು ದಿನ ಒಂದು ಬಗೆಯಾಗಿಯೂ ಇನ್ನೊಂದು ದಿನ ಇನ್ನೊಂದು ಬಗೆಯಾಗಿಯೂ ಕಾಣಿಸಿಕೊಂಡು ಮೆಕ್ಯಾನಿಕ್ಕನ್ನು ದಾರಿ ತಪ್ಪಿಸುವುದು ಹೀಗೆ.

2008ರಲ್ಲಿ ನಾವು ಮೂವರು ಆ ಲೇಹ್ ದಾರಿಯಲ್ಲಿದ್ದೆವು. ಪಾಂಗ್ ಎಂಬ ಡೇರೆಗಳ ಬಿಡಾರವನ್ನು ದಾಟಿದರೆ ಮೋರೆ ಬಯಲು. ಸುಮಾರು 4,700 ಮೀಟರ್ ಎತ್ತರದಲ್ಲಿ ನಲವತ್ತು ಕಿಲೋಮೀಟರಿನಷ್ಟು ಚಾಚಿದ, ಮರವೆಂಬುದೇ ಇಲ್ಲದ ಹರವು. ನಮ್ಮಲ್ಲಿ ಕಿರಿಯನಾದವನ ಬುಲೆಟ್ಟಿಗೆ ಹಿಂದೆ ಎಂಟು ಲೀಟರಿನ ತಗಡಿನ ಟ್ಯಾಂಕು ಕಟ್ಟಿತ್ತು. ಮುಂದಿನ ಟ್ಯಾಂಕು ಬರಿದಾದ್ದರಿಂದ ಅವನು ಅಲ್ಲಿ ನಲ್ಲಿ ಬದಲಿಸಿ ಹಿಂದಿನದಕ್ಕೆ ಹಾಕಿಕೊಂಡ. ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಹತ್ತು ನಿಮಿಷ ಬಿಟ್ಟು ಒದ್ದರೆ ಹತ್ತಿತು. ಮತ್ತೆ ಸ್ವಲ್ಪ ದೂರಕ್ಕೆ ನಿಂತಿತು. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ ಕಾರ್ಬ್ಯುರೇಟರಿನ ಮಿಶ್ರಣ ಕೆಡುವುದು ನಿಜ. ಆ ನಿಜವೇ ಅಂದು ಅಡ್ಡ ಬಂತು. ಹುಡುಗ ಕಾರ್ಬ್ಯುರೇಟರನ್ನು ಬಿಚ್ಚಿ ಹರವಿದ. ಹೊತ್ತು ಇಳಿಯುತ್ತಿತ್ತು, ಬೀಸುವ ಗಾಳಿಗೆ ಬೆರಳು ಸೆಟೆದು ಜೆಟ್ಟನ್ನು ಹಿಡಿಯಲು ಆಗುತ್ತಿರಲಿಲ್ಲ. ಹಿಂದಿನ ಡೇರೆಗಳು ಇಪ್ಪತ್ತು ಕಿಲೋಮೀಟರ್ ದೂರ; ಮುಂದೆ ಐದು ಸಾವಿರದ ಮುನ್ನೂರು ಮೀಟರಿನ ತಂಗ್ಲಂಗ್ ಲಾ ಕಣಿವೆ. ಆಗ ಎದುರಿನಿಂದ ಬಂದ ಲಾರಿಯನ್ನು ನಿಲ್ಲಿಸಿ ಇಳಿದವರು ವಯಸ್ಸಾದ ಸರ್ದಾರ್ಜಿಯೊಬ್ಬರು. ನಮ್ಮ ಕಥೆಯನ್ನೆಲ್ಲ ಕೇಳಿ, 'ಮುಚ್ಚಳ ತೆಗೆದು ನೋಡಿದಿರಾ ಮಾಸ್ಟರ್ಜಿ?' ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು. ಉತ್ತರಕ್ಕೆ ಕಾಯದೆ ಹಿಂದಿನ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದರು. ಸುಯ್ಯೆಂದು ಗಾಳಿ ಒಳಗೆ ಹೋಯಿತು. ಗಂಟು ಬಿಗಿದಿದ್ದ ಪಟ್ಟಿಯ ಅಡಿಯಲ್ಲಿ ಸಿಕ್ಕಿ ಉಸಿರುಕೊಳವೆ ಚಪ್ಪಟೆಯಾಗಿತ್ತು. ಕಾರ್ಬ್ಯುರೇಟರನ್ನು ಮತ್ತೆ ಜೋಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ರೋಗಕ್ಕೆ ಮದ್ದು ಮಾಡಲು ಅರ್ಧ ನಿಮಿಷ.

ಆದುದರಿಂದ ಹೆಚ್ಚುವರಿ ಟ್ಯಾಂಕಿನ ಮೇಲೆ ಓಡುತ್ತಿರುವಾಗ ಎಂಜಿನ್ ಸೊರಗಿ ನಿಂತರೆ ಮೊದಲು ಮಾಡಬೇಕಾದ ಪರೀಕ್ಷೆ ಅದೇ. ಎಂಜಿನ್ ನಿಂತಿರಲಿ, ಸುತ್ತ ಬೆಂಕಿ ಬೀಡಿ ಇರದಿರಲಿ, ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ ಕಿವಿಗೊಡಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದರೆ ಉಸಿರುದಾರಿ ಕಟ್ಟಿದೆ ಎಂದರ್ಥ. ಕಟ್ಟುವುದಕ್ಕೆ ಕಾರಣಗಳು ಹಲವು. ಸಾಮಾನಿನ ಪಟ್ಟಿಯದು ಹೇಳಿದ್ದಾಯಿತು. ಟ್ಯಾಂಕಿನ ಮೇಲೆ ಹೊದಿಸಿದ ಮಳೆಯಂಗಿ, ಮುಚ್ಚಳದ ಮೇಲೆಯೇ ಕೂರಿಸಿದ ಚೀಲ, ಕೆಸರು ಎಲ್ಲವೂ ಆಗಬಹುದು. ಗಾಡಿಯನ್ನು ಕೆಲವು ತಿಂಗಳು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರೆ ಮಣ್ಣಿನ ಗೂಡು ಕಟ್ಟುವ ಕಣಜವನ್ನು ನೆನೆಯಬೇಕು. ಬೆರಳಿಗಿಂತ ಸಣ್ಣ ಕೊಳವೆಯ ಬಾಯಿ ಕಂಡರೆ ಅದಕ್ಕೆ ತನ್ನ ಮರಿಗಳಿಗಾಗಿಯೇ ಯಾರೋ ಕಟ್ಟಿಸಿಟ್ಟ ಮನೆಯೆನಿಸುತ್ತದೆ. ಗಾಡಿ ಮಗುಚಿದರೆ ಪೆಟ್ರೋಲು ಚೆಲ್ಲದಿರಲೆಂದು ಉಸಿರುಕೊಳವೆಯಲ್ಲಿ ಗುಂಡು ಕವಾಟವೊಂದನ್ನು ಇಡುವುದುಂಟು. ಅದನ್ನು ಓರೆಯಾಗಿ ಕಟ್ಟಿದ್ದರೆ ನೆಟ್ಟಗೆ ನಿಂತಾಗಲೂ ಅದು ಮುಚ್ಚಿಕೊಂಡೇ ಇರಬಹುದು. ಕವಾಟ ಬೇಡವೆಂದು ಕಿತ್ತೆಸೆಯಬಾರದು, ನೆಟ್ಟಗೆ ನಿಲ್ಲಿಸಬೇಕು.

ಮೂರನೆಯ ಬಗೆಯಲ್ಲಿ, ಎಂದರೆ ಪೆಟ್ರೋಲನ್ನೇ ಉಸಿರಾಡುವ ಜೋಡಣೆಯಲ್ಲಿ, ತರ್ಕ ತಲೆಕೆಳಗಾಗುತ್ತದೆ. ಅಲ್ಲಿ ಹೆಚ್ಚುವರಿ ಟ್ಯಾಂಕಿಗೆ ಗಾಳಿ ಬೇಕು, ಮುಖ್ಯ ಟ್ಯಾಂಕಿಗೆ ಗಾಳಿ ಕೂಡದು. ಅಮೆರಿಕದ ಅರಿಜೋನಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಜೋಡಣೆ ಮಾಡಿಕೊಂಡಿದ್ದ. ಅವನ ಗಾಡಿಯ ಮುಖ್ಯ ಟ್ಯಾಂಕು ನಮ್ಮವುಗಳಂತೆ ಮುಂದೆ ಎತ್ತರದಲ್ಲಿ; ಇನ್ನೊಂದು ಹಿಂದೆ ತಗ್ಗಿನಲ್ಲಿ. ಒಂದು ದಿನ ಫೋನು ಮಾಡಿ, 'ಸರ್, ಹಿಂದಿನದು ತುಂಬಿದ ಹಾಗೇ ಇದೆ, ಮುಂದಿನದು ಖಾಲಿಯಾಗುತ್ತಾ ಬರುತ್ತಿದೆ. ಉಸಿರುಕೊಳವೆ ಊದಿ ನೋಡಿದೆ, ಚೊಕ್ಕಟವಾಗಿದೆ' ಎಂದ. 'ಯಾವುದರ ಉಸಿರುಕೊಳವೆ ಕಣಯ್ಯ?' ಎಂದೆ. 'ಹಿಂದಿನದು ಸರ್.' 'ಹಾಗಾದರೆ ಮುಂದಿನದರ ಮುಚ್ಚಳ ತೆಗೆದು ಅದರ ರಬ್ಬರನ್ನು ಬೆರಳಿನಿಂದ ಒತ್ತಿ ನೋಡು' ಎಂದೆ. ಮರಳುಗಾಡಿನ ಬಿಸಿಲಿಗೆ ರಬ್ಬರು ಬಿರಿದಿತ್ತು. ಆ ಕೂದಲೆಳೆಯ ಬಿರುಕಿನಿಂದ ಗಾಳಿ ಸುಲಭವಾಗಿ ಒಳಹೋಗುತ್ತಿರುವಾಗ ಮುಖ್ಯ ಟ್ಯಾಂಕು ದೂರದ ಪೆಟ್ರೋಲನ್ನು ಏಕೆ ಎಳೆದುಕೊಂಡೀತು? ಹೊಸ ರಬ್ಬರು ಹಾಕಿದ ಮೇಲೆ ಸರಿಹೋಯಿತು. ಇಲ್ಲಿ ಇನ್ನೊಂದು ಅಪಾಯ: ಹಿಂದಿನ ಟ್ಯಾಂಕಿನ ಉಸಿರೂ ಕಟ್ಟಿದರೆ ಎರಡು ಟ್ಯಾಂಕುಗಳೂ ಒಟ್ಟಿಗೆ ನಿರ್ವಾತಕ್ಕೆ ಸಿಕ್ಕುತ್ತವೆ. ಹೊಸ ಗಾಡಿಗಳಲ್ಲಿ ಟ್ಯಾಂಕಿನೊಳಗೇ ಇರುವ ಪಂಪು ಬಲವಾದದ್ದು. ಅದು ನರಳುತ್ತ ಎಳೆಯುತ್ತಲೇ ಇರುತ್ತದೆ. ಟ್ಯಾಂಕಿನ ಕಡೆಯಿಂದ ಎಂದೂ ಇಲ್ಲದ ಕೀರಲು ದನಿ ಕೇಳಿದರೆ ಗಾಡಿ ನಿಲ್ಲಿಸುವುದು ಒಳ್ಳೆಯದು.

ಗಾಳಿ ಸರಿಯಿದ್ದೂ ಪೆಟ್ರೋಲು ಬಾರದಿದ್ದರೆ ಎತ್ತರವನ್ನು ನೋಡಬೇಕು. ಕೊಳವೆಯಿಂದ ಕೂಡಿಸಿದ ಎರಡು ಪಾತ್ರೆಗಳಲ್ಲಿ ದ್ರವ ಒಂದೇ ಮಟ್ಟಕ್ಕೆ ಬಂದು ನಿಲ್ಲುವುದು ಶಾಲೆಯ ಪಾಠ. ಹಿಂದಿನ ಟ್ಯಾಂಕಿನ ತಳ ಮುಂದಿನದರ ಮಟ್ಟಕ್ಕಿಂತ ತಗ್ಗಿದ್ದರೆ ಕೊನೆಯ ಎರಡು ಮೂರು ಲೀಟರ್ ಅಲ್ಲಿಯೇ ಉಳಿದು ಬಿಡುತ್ತದೆ. ಇದು ದೋಷವಲ್ಲ, ಜೋಡಣೆಯ ಸ್ವಭಾವ. ಘಟ್ಟದಲ್ಲಿ ಇದು ಇನ್ನೂ ವಿಚಿತ್ರವಾಗುತ್ತದೆ. ಎರಡು ಟ್ಯಾಂಕುಗಳ ನಡುವೆ ಒಂದು ಮೀಟರ್ ಅಂತರವಿದ್ದು, ಹತ್ತಕ್ಕೆ ಒಂದರ ಏರು ಬಂದರೆ ಹಿಂದಿನದು ಮುಂದಿನದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಕ್ಕೆ ಹೋದಂತಾಯಿತು. ಬಯಲಿನಲ್ಲಿ ಹರಿಯುತ್ತಿದ್ದುದು ಏರಿನಲ್ಲಿ ನಿಲ್ಲುತ್ತದೆ. ಇಳಿಜಾರಿನಲ್ಲಿ ತಾನಾಗಿ ಹರಿಯತೊಡಗುತ್ತದೆ. ಈ ಲಕ್ಷಣ ಕಂಡವರು ಕೊಳವೆ, ಸೋಸುಕ ಮುಂತಾದವನ್ನು ಬಿಚ್ಚುವ ಶ್ರಮ ಪಡಬೇಕಾಗಿಲ್ಲ. ಟ್ಯಾಂಕನ್ನು ಒಂದು ಗೇಣು ಮೇಲೆತ್ತಿ ಕಟ್ಟುವುದೇ ಪರಿಹಾರ. ಆದರೆ ಎತ್ತರಕ್ಕೂ ಬೆಲೆ ಕೊಡಬೇಕು: 15 ಲೀಟರ್ ಪೆಟ್ರೋಲೆಂದರೆ ಹನ್ನೊಂದು ಕಿಲೋ ತೂಕ, ಅದು ಹಿಂದಿನ ಚಕ್ರದ ಆಚೆ ಎತ್ತರದಲ್ಲಿ ಕುಳಿತರೆ ತಿರುವುಗಳಲ್ಲಿ ಹ್ಯಾಂಡಲ್ ಹಗುರವಾಗುತ್ತದೆ.

ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಎರಡೂ ಟ್ಯಾಂಕುಗಳ ಕೊಳವೆಗಳನ್ನು ಕವಲು ಜೋಡಿಯೊಂದರಲ್ಲಿ ಕೂಡಿಸಿ ಕೆಳಗೆ ಬಿಡುವುದು ವಾಡಿಕೆ. ಕಾರ್ಬ್ಯುರೇಟರ್ ಎರಡಕ್ಕಿಂತಲೂ ಕೆಳಗಿರುವುದರಿಂದ ಹನಿಯೂ ಉಳಿಯದೆ ಬರುತ್ತದೆ. ಸರಳವಾದ ಒಳ್ಳೆಯ ಜೋಡಣೆ. ಒಂದೇ ನಿಯಮ: ಎರಡು ನಲ್ಲಿಗಳನ್ನೂ ಒಟ್ಟಿಗೆ ತೆರೆಯಕೂಡದು. ತೆರೆದರೆ ಎತ್ತರದ ಟ್ಯಾಂಕು ತಗ್ಗಿನದಕ್ಕೆ ಸುರಿದು, ಅದು ತುಂಬಿ, ಮುಚ್ಚಳದ ಸಂದಿಯಿಂದ ಉಕ್ಕುತ್ತದೆ. ಈ ಜೋಡಣೆಯನ್ನು ಹಳಬರು ಹೊಸಬರಿಗೆ ಧಾರಾಳವಾಗಿ ಉಪದೇಶಿಸುವುದನ್ನು ಕೇಳಿದ್ದೇನೆ. ಆದರೆ ಕಾಲ ಬದಲಾಗಿದೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ನಮ್ಮ ದೇಶದಲ್ಲಿ ತಯಾರಾಗುವ ಬುಲೆಟ್ ಜಾತಿಯ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಇಂಜೆಕ್ಷನ್ ಇದೆ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯಲ್ಲಿ ಪೆಟ್ರೋಲು ವಾಯುವಿನ ಒತ್ತಡದ ಹಲವು ಪಟ್ಟು ಒತ್ತಡದಲ್ಲಿರುತ್ತದೆ. ಅಲ್ಲಿ ಕೊಯ್ದು ಕವಲು ಸೇರಿಸಿದರೆ ಬಿಸಿ ಎಂಜಿನ್ನಿನ ಮೇಲೆ ಪಿಚಕಾರಿ ಹೊಡೆದಂತೆ ಪೆಟ್ರೋಲು ಚಿಮ್ಮುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಹೆಚ್ಚುವರಿ ಪೆಟ್ರೋಲು ಮುಖ್ಯ ಟ್ಯಾಂಕಿನ ಒಳಕ್ಕೇ ಬರಬೇಕು, ಬೇರೆ ದಾರಿಯಿಲ್ಲ.

ಮುಖ್ಯ ಟ್ಯಾಂಕಿನೊಳಕ್ಕೆ ಬರುವ ಜೋಡಣೆಯಲ್ಲಿ ಅತ್ಯಂತ ಅಪಾಯದ ಗಳಿಗೆಯೆಂದರೆ ಬಂಕಿನಲ್ಲಿ ಪೆಟ್ರೋಲು ಹಾಕಿಸುವ ಗಳಿಗೆ. ಮೇಲಿನ ಟ್ಯಾಂಕಿನಲ್ಲಿ ಹದಿನೈದು ಲೀಟರ್ ಇದೆ, ನಡುವಿನ ನಲ್ಲಿ ತೆರೆದಿದೆ, ಕೆಳಗಿನದು ತುಂಬಿದೆ. ಮುಚ್ಚಳ ಭದ್ರವಾಗಿರುವವರೆಗೆ ಏನೂ ಆಗದು. ಮುಚ್ಚಳ ತೆಗೆದೊಡನೆ ಮೇಲಿನದೆಲ್ಲ ಕೆಳಗಿನದರ ಬಾಯಿಂದ ಊಟೆಯಂತೆ ಉಕ್ಕಿ ಬರುತ್ತದೆ. ನನ್ನ ಆ ವಿದ್ಯಾರ್ಥಿ ಇಂಥದನ್ನು ಕಣ್ಣಾರೆ ಕಂಡವನು. ನಡುರಾತ್ರಿ, ಸಾವಿರ ಕಿಲೋಮೀಟರ್ ಓಡಿಸಿ ಬಂದು ಕಣ್ಣು ಮಂಕಾಗಿದ್ದ ಸವಾರನೊಬ್ಬ ಅವನ ಪಕ್ಕದಲ್ಲೇ ಮುಚ್ಚಳ ತಿರುಗಿಸಿದ. ಪೆಟ್ರೋಲು ಆಸನದ ಮೇಲಿಂದ ಎಂಜಿನ್ನಿನ ಕಡೆಗೆ ಇಳಿಯತೊಡಗಿತು. ಸವಾರನಿಗೆ ಏನಾಗುತ್ತಿದೆಯೆಂದು ತಿಳಿಯದೆ ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಇವನು ಹಾರಿ ಹೋಗಿ ಕೊಳವೆಯನ್ನು ಮಡಿಸಿ ಹಿಡಿದು, ಇನ್ನೊಂದು ಕೈಯಲ್ಲಿ ತಡಕಾಡಿ ನಲ್ಲಿ ಮುಚ್ಚಿದ. ಬಟ್ಟೆಯೆಲ್ಲ ಪೆಟ್ರೋಲಾಗಿತ್ತು. ಪೆಟ್ರೋಲಿನ ಆವಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ಸೋಕಿದರೆ ಹತ್ತಿಕೊಳ್ಳುವಂಥದು. ಗಾಳಿಗಿಂತ ಭಾರವಾದ್ದರಿಂದ ಹಾರಿಹೋಗದೆ ನೆಲದ ಮೇಲೆ ಹರಿದಾಡಿ ಕಿಡಿಯನ್ನು ಹುಡುಕುತ್ತದೆ. ಅಂದು ಕಿಡಿ ಸಿಕ್ಕಲಿಲ್ಲ. ಆ ರಾತ್ರಿಯಿಂದ ಅವನು ತನ್ನ ಗಾಡಿಯ ನಲ್ಲಿಗೆ ಕೆಂಪು ಪಟ್ಟಿಯೊಂದನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ಮುಖ್ಯ ಟ್ಯಾಂಕಿನ ಮುಚ್ಚಳಕ್ಕೆ ಕೊಕ್ಕೆ ಹಾಕಿದ್ದಾನೆ. ನಲ್ಲಿ ಮುಚ್ಚದೆ ಮುಚ್ಚಳ ತೆಗೆಯಲು ಬಾರದು. ಹೆಚ್ಚುವರಿ ಟ್ಯಾಂಕಿನ ವಿಷಯದಲ್ಲಿ ನಾನು ಕಂಡ ಅತ್ಯುತ್ತಮ ಉಪಕರಣ ಇದು. ಬೆಲೆ ಏನೂ ಇಲ್ಲ.

ಹರಿವು ಸಣ್ಣದಾಯಿತೆಂದು ದೂರುವವರು ದಪ್ಪ ಕೊಳವೆ ಹಾಕಿಸಲು ಓಡುತ್ತಾರೆ. ಎಂಜಿನ್ನಿನ ಬಾಯಾರಿಕೆ ನಾವು ತಿಳಿದಷ್ಟು ದೊಡ್ಡದಲ್ಲ. ಲೀಟರಿಗೆ 30 ಕಿಲೋಮೀಟರ್ ಕೊಡುವ ಬುಲೆಟ್ಟು ಗಂಟೆಗೆ 60ರ ವೇಗದಲ್ಲಿ ಕುಡಿಯುವುದು ನಿಮಿಷಕ್ಕೆ 33 ಮಿಲಿಲೀಟರ್. ಹೆದ್ದಾರಿಯಲ್ಲಿ ಓಡುವ ಭಾರಿ ಗಾಡಿಗೂ ನಿಮಿಷಕ್ಕೆ ನೂರು ಮಿಲಿಲೀಟರಿನ ಆಸುಪಾಸು ಸಾಕು. ಗೆರೆ ಹಾಕಿದ ಔಷಧಿಯ ಸೀಸೆಗೆ ಕೊಳವೆಯ ತುದಿಯನ್ನು ಬಿಟ್ಟು, ಗಡಿಯಾರ ನೋಡಿಕೊಂಡು ಅಳೆಯಬಹುದು. ಆದರೆ ಎರಡು ಷರತ್ತು. ಟ್ಯಾಂಕಿನ ಮುಚ್ಚಳ ಹಾಕಿರಬೇಕು. ಸೀಸೆಯನ್ನು ಬದಲಿಸುತ್ತ ಹತ್ತು ನಿಮಿಷವಾದರೂ ಹರಿಯಗೊಡಬೇಕು. ಅರ್ಧ ಕಟ್ಟಿದ ಉಸಿರುದಾರಿ ಮೊದಲ ನಿಮಿಷ ನಿಮಗೆ ನಮಸ್ಕಾರ ಮಾಡಿ, ಆರನೆಯ ನಿಮಿಷ ಕೈಕೊಡುತ್ತದೆ. ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಸರಿಯಾಗಿದ್ದದ್ದು ಊರಾಚೆ ಕೆಡುವುದು ಈ ಕಾರಣದಿಂದ. ಅಳತೆಯಲ್ಲಿ ನಿಜವಾಗಿ ಕೊರತೆ ಕಂಡರೆ ಕೊಳವೆಯ ಹಾದಿ ನೋಡಿ. ಅದು ಮೇಲಿಂದ ಕೆಳಕ್ಕೆ ಒಂದೇ ಇಳುಕಲಾಗಿರಬೇಕು. ನಡುವೆ ಒಂಟೆಯ ಬೆನ್ನಿನಂತೆ ಉಬ್ಬಿದರೆ ಅಲ್ಲಿ ಗಾಳಿಗುಳ್ಳೆ ಕುಳಿತು, ತನ್ನ ಭಾರದಿಂದ ಹರಿಯುವ ಪೆಟ್ರೋಲಿಗೆ ಅದನ್ನು ನೂಕುವ ಶಕ್ತಿ ಇರುವುದಿಲ್ಲ. ತೊಟ್ಟಿಲಿನಂತೆ ಜೋತರೆ ಅಲ್ಲಿ ನೀರು ಕೂಡುತ್ತದೆ. ಪಂಪಿನ ಒತ್ತಡಕ್ಕೆಂದು ಮಾಡಿದ ಕಾಗದದ ಸೋಸುಕವನ್ನು ಪಂಪಿಲ್ಲದ ಜೋಡಣೆಯಲ್ಲಿ ಹಾಕಿದರೂ ಇದೇ ಗತಿ. ಹೊಸ ಟ್ಯಾಂಕಾದರೆ ಬೆಸುಗೆಯ ಪುಡಿ ಮೊದಲ ಸೋಸುಕವನ್ನು ಕೆಲವೇ ದಿನಗಳಲ್ಲಿ ತುಂಬಿಬಿಡಬಹುದು.

ಪಂಪಿನ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ವಿಚ್ಚು ಒತ್ತಿದರೆ ಟಕಟಕ ಸದ್ದು ಬಾರದಿದ್ದರೆ ಫ್ಯೂಸು, ತಂತಿ, ಸ್ವಿಚ್ಚು ನೋಡುವುದು. ಸದ್ದು ಬಂದೂ ಪೆಟ್ರೋಲು ಬಾರದಿದ್ದರೆ ಪಂಪು ಗಾಳಿ ನುಂಗಿದೆಯೆಂದು ತಿಳಿಯುವುದು. ಎಳೆಯುವುದಕ್ಕಿಂತ ನೂಕುವುದು ಈ ಪಂಪುಗಳಿಗೆ ಸುಲಭ. ಆದ್ದರಿಂದ ಅವು ಟ್ಯಾಂಕಿಗೆ ಹತ್ತಿರ, ಅದಕ್ಕಿಂತ ಕೆಳಗೆ ಇರಬೇಕು. ಆದರೆ ಜನ ಬೆರಗಾಗುವುದು ಇನ್ನೊಂದು ಚೇಷ್ಟೆಗೆ: ಪಂಪು ನಿಲ್ಲಿಸಿದ ಮೇಲೂ ಪೆಟ್ರೋಲು ಹೋಗುತ್ತಲೇ ಇರುತ್ತದೆ. ಗೋಕುಲಾಷ್ಟಮಿಯ ಕಾಲದಲ್ಲಿ ಕೆಲವು ಮನೆಗಳಲ್ಲಿ ವಸುದೇವನ ಬಟ್ಟಲೆಂಬ ಹಿತ್ತಾಳೆಯ ಆಟಿಕೆಯನ್ನು ಇಡುತ್ತಾರೆ. ಮಗುವನ್ನು ಹೊತ್ತ ವಸುದೇವ ನಡುವೆ ನಿಂತಿರುತ್ತಾನೆ. ನೀರು ಹೊಯ್ಯುತ್ತ ಬಂದು ಅದು ಕೃಷ್ಣನ ಪಾದ ಮುಟ್ಟಿದ ಕ್ಷಣವೇ ಯಮುನೆ ಇಳಿದಂತೆ ಬಟ್ಟಲೆಲ್ಲ ಬರಿದಾಗುತ್ತದೆ. ವಿಗ್ರಹದೊಳಗೆ ಅಡಗಿರುವುದು ಬಾಗಿದ ಕೊಳವೆ. ಒಮ್ಮೆ ಬಾಗಿನ ನೆತ್ತಿಯನ್ನು ನೀರು ದಾಟಿತೆಂದರೆ, ಹೊರತುದಿ ತಗ್ಗಿನಲ್ಲಿರುವವರೆಗೆ ಅದು ನಿಲ್ಲದು. ಪಂಪು ಮಾಡುವುದು ಇಷ್ಟೇ, ಪಾದ ಮುಟ್ಟಿಸುವುದು; ಮಿಕ್ಕದ್ದು ತಾನೇ ನಡೆಯುತ್ತದೆ, ಮುಖ್ಯ ಟ್ಯಾಂಕು ಉಕ್ಕುವವರೆಗೆ. ಪಂಪಿನ ಆಚೆ ಕೈಯಿಂದ ಮುಚ್ಚುವ ನಲ್ಲಿಯೊಂದಿದ್ದರೆ ಈ ಲೀಲೆಯನ್ನು ತಡೆಯಬಹುದು.

ಬಿಸಿಲು, ಎತ್ತರಗಳ ಮಾತು ಉಳಿಯಿತು. ಪೆಟ್ರೋಲು ಒಂದು ಡಿಗ್ರಿ ಬಿಸಿಗೆ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಮುಂಜಾವಿನ ತಂಪಿನಲ್ಲಿ ಎರಡೂ ಟ್ಯಾಂಕುಗಳನ್ನು ಕಂಠಮಟ್ಟ ತುಂಬಿಸಿದ 40 ಲೀಟರ್, ಮಧ್ಯಾಹ್ನ ಇಪ್ಪತ್ತು ಡಿಗ್ರಿ ಹೆಚ್ಚಾದಾಗ ಮುಕ್ಕಾಲು ಲೀಟರಿಗೆ ಜಾಗ ಕೇಳುತ್ತದೆ. ಜಾಗ ಬಿಡದಿದ್ದರೆ ಉಸಿರುಕೊಳವೆಯಿಂದ ತೊಟ್ಟಿಕ್ಕುತ್ತದೆ. ಇದನ್ನು ಸೋರಿಕೆಯೆಂದು ಬಗೆದು ಟ್ಯಾಂಕಿಗೆ ಬೆಸುಗೆ ಹಾಕಿಸಲು ಹೊರಟವರನ್ನು ನಾನು ಬಲ್ಲೆ. ಖಾಲಿ ಟ್ಯಾಂಕಿನೊಳಗೆ ಉಳಿದ ಆವಿ ಬೆಸುಗೆಯವನ ಪ್ರಾಣಕ್ಕೇ ಸಂಚಕಾರ. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿಯುತ್ತದೆ. ತಂಗ್ಲಂಗ್ ಲಾದ ಮೇಲೆ ಅದು ಸಮುದ್ರಮಟ್ಟದ ಅರ್ಧಕ್ಕಿಂತ ಅಷ್ಟೇನೂ ಹೆಚ್ಚಿಲ್ಲ. ಮನಾಲಿಯಲ್ಲಿ ಬಿಗಿದು ಮುಚ್ಚಿದ ಡಬ್ಬ ಅಲ್ಲಿ ಹೊಟ್ಟೆಯುಬ್ಬರಿಸಿ ಕುಳಿತಿರುತ್ತದೆ. ಆ ಮುಚ್ಚಳವನ್ನು ಒಮ್ಮೆಗೇ ತೆರೆಯಬಾರದು. ಮುಖವನ್ನು ಹಿಂದಿಟ್ಟು ಎಳೆ ಎಳೆಯಾಗಿ ಸಡಿಲಿಸಬೇಕು. ಇಲ್ಲಿ ಸದ್ದು ಒಳಗೆಳೆಯುವುದಲ್ಲ, ಹೊರಗೆ ಉಸಿರುವುದು.

ಇತ್ತೀಚಿನ ತೊಡಕೊಂದನ್ನೂ ಹೇಳಬೇಕು. ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಬೆರೆತಿದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುವ ವಸ್ತು. ಬಿಸಿಲಿನಲ್ಲಿ ಹೊರಗೆ ಉಸಿರಿ, ತಂಪಿನಲ್ಲಿ ತೇವದ ಗಾಳಿಯನ್ನು ಒಳಗೆಳೆಯುವ ಅರೆಬರೆ ತುಂಬಿದ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲು ನಂಬತಕ್ಕದ್ದಲ್ಲ. ಹಳೆಯ ಜಾತಿಯ ರಬ್ಬರು ಕೊಳವೆಗಳು ಅದರಿಂದ ಮೆತ್ತಗಾಗಿಯೋ ಬಿರಿದೋ ಹಾಳಾಗುತ್ತವೆ. ಒಳಗೋಡೆ ಪದರಪದರವಾಗಿ ಎದ್ದು, ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಂಡು, ಒಳಗೆ ದಾರಿ ಮುಚ್ಚಿರುತ್ತದೆ. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ನೋಡಲು ಚೆಂದ, ಪೆಟ್ರೋಲಿಗೆ ಕೆಲವೇ ದಿನಗಳಲ್ಲಿ ಕಟ್ಟಿಗೆಯಂತಾಗುತ್ತದೆ. ಗಾಜುನಾರಿನ ಹಳೆಯ ಟ್ಯಾಂಕುಗಳ ಅಂಟು ಎಥೆನಾಲಿನಲ್ಲಿ ಕರಗಿ ಎಂಜಿನ್ನಿನ ಒಳಗೆ ಅರಗಿನಂತೆ ಕೂರುವುದುಂಟು. ಎಂಜಿನ್ ಕೆಟ್ಟಿತೆಂದು ಬಿಚ್ಚಿದವರಿಗೆ ಆ ಅಂಟು ಎಲ್ಲಿಂದ ಬಂತೆಂಬುದೇ ಒಗಟಾಗುತ್ತದೆ.

ಕಾನೂನಿನ ಮಾತು ಎರಡು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ನು ತಯಾರಕರು ಕೊಟ್ಟ ವಿವರಗಳಿಗೆ ಹೊರತಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಆದ್ದರಿಂದ ಇಲ್ಲಿ ಟ್ಯಾಂಕನ್ನು ಗಾಡಿಗೆ ಖಾಯಮ್ಮಾಗಿ ಬೆಸೆಯುವ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಬಿಡಿ ಡಬ್ಬದಲ್ಲಿ ಒಯ್ಯುವವರು 1934ರ ಪೆಟ್ರೋಲಿಯಮ್ ಕಾಯಿದೆಯನ್ನು ನೋಡಬೇಕು: ಮಾರಾಟಕ್ಕಲ್ಲದ ಪೆಟ್ರೋಲು ಒಟ್ಟು 30 ಲೀಟರ್ ಮೀರದಿದ್ದರೆ ಪರವಾನಗಿ ಬೇಡ, ಆದರೆ ಪಾತ್ರೆ ಲೋಹದ್ದಾಗಿ ಒಂದೊಂದೂ 25 ಲೀಟರ್ ಮೀರದಿರಬೇಕು. ಡಬ್ಬವನ್ನು ಆಸನದ ಮೇಲೆ ಇಟ್ಟುಕೊಂಡೇ ತುಂಬಿಸಬಾರದು, ನೆಲದ ಮೇಲಿಟ್ಟು ತುಂಬಿಸಬೇಕು; ಸ್ಥಾಯೀ ವಿದ್ಯುತ್ತಿನ ಕಿಡಿ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿರಬೇಕೆಂದಿಲ್ಲ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೆ ಪರೀಕ್ಷೆಯ ಓಟವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳದೆ, ಹದಿನೈದು ದಿನ ಮೊದಲೇ ಮುಗಿಸಬೇಕು. ಪ್ರಯಾಣದ ಸಾಮಾನನ್ನೆಲ್ಲ ಕಟ್ಟಿ, ಹೆಚ್ಚುವರಿ ಟ್ಯಾಂಕನ್ನು ಅರ್ಧ ಮಾತ್ರ ತುಂಬಿ, ಒಂದು ದೊಡ್ಡ ಏರಿರುವ ದಾರಿಯಲ್ಲಿ ಅದು ಬರಿದಾಗುವವರೆಗೆ ಓಡಿಸಿ ನೋಡುವುದು. ಮುಖ್ಯ ಟ್ಯಾಂಕಿನ ಮುಳ್ಳು ಬಹಳ ಹೊತ್ತು ಅಲ್ಲಾಡದೆ ನಿಂತಿದ್ದರೆ ಗಾಬರಿಯಾಗಬೇಡಿ. ಹಿಂದಿನದು ಹರಿಯುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ. ಶಿವಮೊಗ್ಗದ ಕಡೆಯವರಿಗೆ ಆಗುಂಬೆ ಇದೆ. ಮೈಸೂರಿನವರಿಗೆ ಚಾಮುಂಡಿಬೆಟ್ಟವನ್ನು ನಾಲ್ಕು ಸಲ ಹತ್ತಿ ಇಳಿದರೆ ಸಾಕು.